ಬಿದ್ದರೆ ಒಳ್ಳೆಯದಾದೀತೆ?

ಮಾರ್ಚ್ ಬಂತೆಂದರೆ ಇಂಗ್ಲಿಷ್ ಫುಟ್‌ಬಾಲಿನ ನಾಲ್ಕನೇ ದರ್ಜೆಯ ತಳದಲ್ಲಿ ಒದ್ದಾಡುವ ಊರುಗಳಲ್ಲಿ ಒಂದು ವಾದ ತಪ್ಪದೆ ಏಳುತ್ತದೆ. ತಂಡ ಗೆದ್ದು ತಿಂಗಳಾಗಿರುತ್ತದೆ, ಒಂದೇ ವರ್ಷದಲ್ಲಿ ಮೂರನೇ ಮ್ಯಾನೇಜರ್ ಬಂದಿರುತ್ತಾನೆ, ಮಾಲೀಕ ಮೈದಾನದ ಕಡೆ ತಲೆ ಹಾಕುವುದನ್ನೇ ಬಿಟ್ಟಿರುತ್ತಾನೆ. ಆಗ ಹಳೆಯ ಅಭಿಮಾನಿಯೊಬ್ಬ ಬೇಸತ್ತು ಹೇಳುತ್ತಾನೆ: ಬೀಳಲಿ ಬಿಡಿ, ಒಂದು ಸಲ ಬಿದ್ದರೇ ವಾಸಿ. ಸಂಬಳಕ್ಕೆ ಮಾತ್ರ ಬರುವವರು ಜಾಗ ಖಾಲಿ ಮಾಡುತ್ತಾರೆ, ಹುಡುಗರಿಗೆ ಅವಕಾಶ ಸಿಗುತ್ತದೆ, ಚಿಕ್ಕಪುಟ್ಟ ತಂಡಗಳ ಮೇಲೆ ಗೆದ್ದು ಗೆಲ್ಲುವ ರೂಢಿಯಾಗುತ್ತದೆ, ಎರಡು ವರ್ಷದಲ್ಲಿ ಗಟ್ಟಿಯಾಗಿ ಮೇಲೆ ಬರುತ್ತೇವೆ. ನಪಾಸಾದ ಹುಡುಗ ಇನ್ನೊಂದು ವರ್ಷ ಕೂತು ಓದಿದರೆ ಬುನಾದಿ ಭದ್ರವಾಗುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದ ಸಮಾಧಾನದ ಜಾತಿಯದೇ ಇದೂ.

ಇದನ್ನು ಬರೀ ಹತಾಶೆಯ ಮಾತೆಂದು ತಳ್ಳಿಹಾಕಲಾಗದು. ಸಾಕ್ಷಿಗೆ ದೊಡ್ಡ ದೊಡ್ಡ ಹೆಸರುಗಳೇ ಇವೆ. 2009ರಲ್ಲಿ ಲೀಗಿನಿಂದಲೇ ಹೊರಬಿದ್ದ ಲೂಟನ್ ಟೌನ್ 2023ರಲ್ಲಿ ಪ್ರೀಮಿಯರ್ ಲೀಗಿನಲ್ಲಿತ್ತು. 2008ರಲ್ಲಿ ಬಿದ್ದ ರೆಕ್ಸಮ್ 2023, 2024, 2025ರಲ್ಲಿ ಸಾಲಾಗಿ ಮೂರು ಬಡ್ತಿ ಪಡೆದು ಎರಡನೇ ದರ್ಜೆಗೆ ಏರಿತು. ಸ್ಟಾಕ್‌ಪೋರ್ಟ್ ಕೌಂಟಿ ಆರನೇ ದರ್ಜೆಯವರೆಗೂ ಜಾರಿ, 2024ರಲ್ಲಿ ಲೀಗ್ ಟೂ ಚಾಂಪಿಯನ್ ಆಯಿತು. ಹಾಗಾದರೆ ಹಿಂಬಡ್ತಿ ಕೆಲವರಿಗಾದರೂ ಒಳ್ಳೆಯದೇ ಮಾಡಿತಲ್ಲ? ಹೌದೆನ್ನುವ ಮೊದಲು ಬಿದ್ದವರ ಪಟ್ಟಿಯನ್ನು ಪೂರ್ತಿ ನೋಡಬೇಕು. ಎದ್ದು ಬಂದವರ ಕತೆ ಸಾಕ್ಷ್ಯಚಿತ್ರವಾಗುತ್ತದೆ. ಏಳದವರದ್ದು ಸ್ಥಳೀಯ ಪತ್ರಿಕೆಯ ಒಳಪುಟದಲ್ಲೇ ಮುಗಿಯುತ್ತದೆ.

ಪ್ರೀಮಿಯರ್ ಲೀಗಿನಲ್ಲಿ 20 ತಂಡ. ಅದರ ಕೆಳಗೆ ಚಾಂಪಿಯನ್‌ಷಿಪ್, ಲೀಗ್ ಒನ್, ಲೀಗ್ ಟೂ ಎಂಬ ಮೂರು ದರ್ಜೆ, ಒಂದೊಂದರಲ್ಲಿ 24. ಒಟ್ಟು 92. ಪ್ರೀಮಿಯರ್ ಲೀಗಿನಿಂದ ಬಿದ್ದವರಿಗೆ ಟಿ.ವಿ. ಹಣದ ಪಾಲು ಮೂರು ವರ್ಷದವರೆಗೂ ಕಂತಿನಲ್ಲಿ ಬರುತ್ತಿರುತ್ತದೆ, ಅಂಥವರ ಕಷ್ಟವೂ ಶ್ರೀಮಂತರ ಕಷ್ಟವೇ. ನಿಜವಾದ ಗೋಡೆ ಇರುವುದು 92ರ ಕೊನೆಯಲ್ಲಿ. ಅದರಾಚೆಗಿನ ಐದನೇ ದರ್ಜೆ, ಈಗ ನ್ಯಾಷನಲ್ ಲೀಗ್, ಹಿಂದೆ ಕಾನ್ಫರೆನ್ಸ್ ಎಂದು ಕರೆಸಿಕೊಳ್ಳುತ್ತಿದ್ದದ್ದು, ಬೇರೆಯೇ ಆಡಳಿತದ ಬೇರೆಯೇ ಲೋಕ. ಪ್ರಶ್ನೆಯ ಕಾವು ತಿಳಿಯುವುದು ಈ ಗೋಡೆಯ ಬುಡದಲ್ಲೇ ಆದ್ದರಿಂದ ಈ ಲೇಖನ ಬಹುಪಾಲು ಅಲ್ಲೇ ನಿಲ್ಲುತ್ತದೆ.

1987ಕ್ಕೆ ಮುಂಚೆ ಈ ಗೋಡೆಗೆ ಬಾಗಿಲೇ ಇರಲಿಲ್ಲ. ತಳದ ನಾಲ್ಕು ಕ್ಲಬ್ಬುಗಳು ಪ್ರತಿವರ್ಷ ಮರು ಆಯ್ಕೆಗೆ ಅರ್ಜಿ ಹಾಕಬೇಕು, ಉಳಿದ ಸದಸ್ಯರು ಮತ ಹಾಕಬೇಕು. ಸಾಮಾನ್ಯವಾಗಿ ಹಳಬರು ಹಳಬರನ್ನೇ ಉಳಿಸಿಕೊಳ್ಳುತ್ತಿದ್ದರು. 1980ರಲ್ಲಿ ಹೊರಗಿನ ಆಲ್ಟ್ರಿಂಚಮ್ ಕ್ಲಬ್ ಒಂದೇ ಒಂದು ಮತದಿಂದ ಸೋತಿತು. ಆ ಒಂದು ಮತದಿಂದ ಉಳಿದ ರಾಕ್‌ಡೇಲ್ 1974ರಿಂದ 2010ರವರೆಗೆ 36 ವರ್ಷ ನಾಲ್ಕನೇ ದರ್ಜೆಯಿಂದ ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಬರಲಿಲ್ಲ. ಬೀಳುವುದೇ ವಾಸಿ ಎನ್ನುವವರು ಬೊಟ್ಟು ಮಾಡಬೇಕಾದ ಕ್ಲಬ್ ಇದೇ. ಬೀಳದೆ ಇರುವುದೂ ಒಂದು ಬಗೆಯ ಜಡತೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ.

ನೇರ ಹಿಂಬಡ್ತಿ ಶುರುವಾದ ಮೊದಲ ವರ್ಷವೇ ನಡೆದದ್ದು ಕಟ್ಟುಕತೆಯಂತಿದೆ. 1987ರ ಮೇ 9, ಸೀಸನ್ನಿನ ಕೊನೆಯ ದಿನ. ಬರ್ನ್ಲಿ, ಟಾರ್ಕೀ, ಲಿಂಕನ್ ಸಿಟಿ, ಈ ಮೂರರಲ್ಲಿ ಒಂದು ಬೀಳಬೇಕು. ಟಾರ್ಕೀ ತನ್ನ ಮೈದಾನದಲ್ಲಿ ಕ್ರೂ ತಂಡದ ಎದುರು ಮೊದಲರ್ಧಕ್ಕೆ 0-2 ಹಿಂದೆ. ಜಿಮ್ ಮೆಕ್‌ನಿಕೊಲ್ ಒಂದು ಗೋಲು ಹೊಡೆದ. ಪಂದ್ಯ ಮುಗಿಯುತ್ತ ಬಂದಾಗ ಅದೇ ಮೆಕ್‌ನಿಕೊಲ್ ಅಂಚಿನ ಗೆರೆಯ ಕಡೆಗೆ ಓಡಿಬಂದ. ಅಲ್ಲಿ ಕಾವಲಿಗೆ ನಿಂತಿದ್ದ ಬ್ರಿನ್ ಎಂಬ ಪೊಲೀಸ್ ನಾಯಿ ತನ್ನ ಯಜಮಾನನ ಮೇಲೆ ದಾಳಿಯಾಗುತ್ತಿದೆ ಎಂದುಕೊಂಡಿತೋ ಏನೋ, ಆಟಗಾರನ ತೊಡೆಗೇ ಬಾಯಿ ಹಾಕಿತು. ಚಿಕಿತ್ಸೆಗೆ ಹಿಡಿದ ನಿಮಿಷಗಳನ್ನು ರೆಫರಿ ಕೊನೆಗೆ ಸೇರಿಸಿದ. ಆ ಸೇರಿಸಿದ ಸಮಯದಲ್ಲೇ ಪಾಲ್ ಡಾಬ್ಸನ್ ಸಮಬಲದ ಗೋಲು ಹೊಡೆದ. ಟಾರ್ಕೀ, ಲಿಂಕನ್ ಎರಡಕ್ಕೂ 48 ಅಂಕ. ಗೋಲು ವ್ಯತ್ಯಾಸದಲ್ಲಿ ಲಿಂಕನ್ ಬಿತ್ತು. ಆ ದಿನದವರೆಗೆ ವರ್ಷದಲ್ಲಿ ಒಮ್ಮೆಯೂ ಕೊನೆಯ ಸ್ಥಾನಕ್ಕೆ ಇಳಿಯದಿದ್ದ ಕ್ಲಬ್ ಅದು.

ಲಿಂಕನ್ ಮರುವರ್ಷವೇ ಕಾನ್ಫರೆನ್ಸ್ ಗೆದ್ದು ವಾಪಸ್ಸಾಯಿತು. ಅದರ ಬೆನ್ನಿಗೆ ಡಾರ್ಲಿಂಗ್ಟನ್ ಇನ್ನೂ ಚೆನ್ನಾಗಿ ಮಾಡಿ ತೋರಿಸಿತು: 1989ರಲ್ಲಿ ಬಿದ್ದು, 1990ರಲ್ಲಿ ಎದ್ದು, 1991ರಲ್ಲಿ ನಾಲ್ಕನೇ ದರ್ಜೆಯ ಚಾಂಪಿಯನ್. ಬಿದ್ದರೆ ವಾಸಿ ಎಂಬ ನಂಬಿಕೆಗೆ ಬೇರು ಇಳಿದದ್ದು ಈ ವರ್ಷಗಳಲ್ಲೇ ಎಂದು ನನ್ನ ಊಹೆ. ಆದರೆ ಅಂದಿನ ಕಾನ್ಫರೆನ್ಸ್ ಬಹುಮಟ್ಟಿಗೆ ಅರೆಕಾಲಿಕ ಆಟಗಾರರದು. ಹಗಲು ಬೇರೆ ಉದ್ಯೋಗ, ಸಂಜೆ ಅಭ್ಯಾಸ. ಅವರ ನಡುವೆ ಪೂರ್ಣಾವಧಿ ತಂಡವೊಂದು ಬಂದು ನಿಂತರೆ ಗೆಲ್ಲುವುದು ದೊಡ್ಡ ಮಾತಲ್ಲ. ಇವೇ ಎರಡು ಕ್ಲಬ್ಬುಗಳು ಎರಡನೇ ಸಲ ಬಿದ್ದಾಗ ಏನಾಯಿತು? 2011ರಲ್ಲಿ ಬಿದ್ದ ಲಿಂಕನ್‌ಗೆ ಮೇಲೆ ಬರಲು ಆರು ವರ್ಷ ಹಿಡಿಯಿತು. 2010ರಲ್ಲಿ ಬಿದ್ದ ಡಾರ್ಲಿಂಗ್ಟನ್ ಎರಡೇ ವರ್ಷದಲ್ಲಿ ಕುಸಿದು, ಒಂಬತ್ತನೇ ದರ್ಜೆಯಿಂದ ಹೊಸದಾಗಿ ಶುರುಮಾಡಬೇಕಾಯಿತು. ಜಾರ್ಜ್ ರೆನಾಲ್ಡ್ಸ್ ಎಂಬ ಮಾಲೀಕ 25,000 ಆಸನಗಳ ಕ್ರೀಡಾಂಗಣ ಕಟ್ಟಿಸಿ 2003ರಲ್ಲಿ ತೆರೆದಿದ್ದ. ನೋಡಲು ಬರುತ್ತಿದ್ದವರು ಅದರ ಒಂದು ಮೂಲೆಗೂ ಸಾಲುತ್ತಿರಲಿಲ್ಲ. ದರ್ಜೆ ಇಳಿದರೂ ಆ ಕಟ್ಟಡದ ಖರ್ಚು ಇಳಿಯಲಿಲ್ಲ.

ಹಿಂಬಡ್ತಿಯಿಂದ ಏನಾಗುತ್ತದೆ ಎಂದು ತಿಳಿಯಲು ಕೊನೆಯ ದಿನದ ಜೋಡಿಗಳನ್ನು ನೋಡುವುದು ಒಳ್ಳೆಯ ದಾರಿ. ಒಂದೇ ಮಧ್ಯಾಹ್ನ, ಒಂದೇ ಮಟ್ಟದ, ಹೆಚ್ಚುಕಮ್ಮಿ ಅಷ್ಟೇ ಅಂಕದ ಎರಡು ಕ್ಲಬ್. ಒಂದು ಉಳಿಯಿತು, ಇನ್ನೊಂದು ಬಿತ್ತು. ಪ್ರಯೋಗಶಾಲೆಯಲ್ಲೂ ಇಷ್ಟು ಅಚ್ಚುಕಟ್ಟಾದ ಹೋಲಿಕೆ ಸಿಗುವುದಿಲ್ಲ.

1997ರ ಮೇ 3. ಹೆರಿಫರ್ಡ್ ಮತ್ತು ಬ್ರೈಟನ್ ಎದುರು ಬದುರು, ಹೆರಿಫರ್ಡ್‌ನ ಎಡ್ಗರ್ ಸ್ಟ್ರೀಟ್ ಮೈದಾನದಲ್ಲಿ. ಬ್ರೈಟನ್‌ಗೆ ಡ್ರಾ ಸಾಕು. 1-1 ಆಯಿತು. ಬ್ರೈಟನ್ನಿನ ಸ್ಥಿತಿ ಆಗ ಎಷ್ಟು ಹೀನಾಯವಾಗಿತ್ತೆಂದರೆ, ಅದರ ಗೋಲ್ಡ್‌ಸ್ಟೋನ್ ಮೈದಾನವನ್ನು ಮಾಲೀಕರು ಮಾರಿಬಿಟ್ಟಿದ್ದರು. ಮುಂದಿನ ಎರಡು ವರ್ಷ ‘ಮನೆ’ಯ ಪಂದ್ಯಗಳಿಗೆ ಕೆಂಟ್ ಪ್ರಾಂತ್ಯದ ಜಿಲ್ಲಿಂಗಮ್ ಊರಿಗೆ ಹೋಗಬೇಕಾಯಿತು. ಇಂಥ ಕ್ಲಬ್ ಅಂದು ಬಿದ್ದಿದ್ದರೆ ಶುದ್ಧಿಯಾಗಿ ಎದ್ದು ಬರುತ್ತಿತ್ತು ಎಂದು ಯಾರಾದರೂ ಹೇಳಿದರೆ ನಾನು ನಂಬಲಾರೆ. ಬೀಳಲಿಲ್ಲ. ಆಡಳಿತ ಬದಲಾಯಿತು, 2011ರಲ್ಲಿ ಹೊಸ ಕ್ರೀಡಾಂಗಣ, 2017ರಲ್ಲಿ ಪ್ರೀಮಿಯರ್ ಲೀಗ್. ಬಿದ್ದ ಹೆರಿಫರ್ಡ್ ಒಂಬತ್ತು ವರ್ಷ ಹೊರಗಿದ್ದು 2006ರಲ್ಲಿ ಮರಳಿತು, 2012ರಲ್ಲಿ ಮತ್ತೆ ಬಿತ್ತು, 2014ರ ಡಿಸೆಂಬರಿನಲ್ಲಿ ನ್ಯಾಯಾಲಯದ ಆದೇಶದಂತೆ ಮುಚ್ಚಿತು.

1999ರ ಮೇ 8. ಕಾರ್ಲೈಲ್ ಮತ್ತು ಸ್ಕಾರ್ಬರಾ. ಸ್ಕಾರ್ಬರಾದ ಪಂದ್ಯ ಮುಗಿದಿತ್ತು, ಉಳಿದುಕೊಂಡೆವೆಂದು ಜನ ಮೈದಾನಕ್ಕೆ ಇಳಿದು ಕುಣಿಯುತ್ತಿದ್ದರು. ಅತ್ತ ಕಾರ್ಲೈಲ್‌ನಲ್ಲಿ ಕೆಲವೇ ಸೆಕೆಂಡು ಬಾಕಿ ಇರುವಾಗ ಕಾರ್ನರ್ ಕಿಕ್. ಸ್ವಿಂಡನ್ ಕ್ಲಬ್ಬಿನಿಂದ ಸಾಲದ ಮೇಲೆ ಬಂದಿದ್ದ ಗೋಲ್‌ಕೀಪರ್ ಜಿಮ್ಮಿ ಗ್ಲಾಸ್ ತನ್ನ ಗೋಲುಪೆಟ್ಟಿಗೆ ಬಿಟ್ಟು ಆ ತುದಿಗೆ ಓಡಿದ. ಕೀಪರ್ ತಡೆದು ಬಿಟ್ಟ ಚೆಂಡು ಅವನ ಕಾಲಿಗೇ ಬಂತು, ಒದ್ದ. ಕಾರ್ಲೈಲ್ ಉಳಿಯಿತು. ಸ್ಕಾರ್ಬರಾ ಎಂಟು ವರ್ಷದ ನಂತರ, 2007ರಲ್ಲಿ, ಸುಮಾರು 25 ಲಕ್ಷ ಪೌಂಡ್ ಸಾಲದಲ್ಲಿ ಮುಳುಗಿಹೋಯಿತು. ಮೈದಾನ ಮಾರಿ ಸಾಲ ತೀರಿಸೋಣವೆಂದರೆ ಆ ಜಾಗವನ್ನು ಆಟಕ್ಕಲ್ಲದೆ ಬೇರೆಯದಕ್ಕೆ ಬಳಸಕೂಡದೆಂಬ ಹಳೆಯ ಕರಾರು ಅಡ್ಡಬಂತು. ಊರಿನವರು ಸ್ಕಾರ್ಬರಾ ಅತ್ಲೆಟಿಕ್ ಎಂಬ ಹೊಸ ಕ್ಲಬ್ ಕಟ್ಟಿಕೊಂಡರು.

ಇವೆರಡನ್ನೇ ನೋಡಿದರೆ ಬೀಳುವುದೆಂದರೆ ಸಾವು ಎಂದುಬಿಡಬಹುದು. ನನಗೆ ಹೆಚ್ಚು ಪಾಠ ಹೇಳಿದ್ದು ಮೂರನೆಯ ಜೋಡಿ. 2003ರ ಮೇ 3, ಸ್ವಾನ್ಸಿ ಮತ್ತು ಎಕ್ಸೆಟರ್. ಅದುವರೆಗೆ ವರ್ಷಕ್ಕೆ ಒಂದೇ ಕ್ಲಬ್ ಬೀಳುತ್ತಿತ್ತು, ಆ ವರ್ಷದಿಂದ ಎರಡು. ಎಕ್ಸೆಟರ್ ತನ್ನ ಕೊನೆಯ ಪಂದ್ಯ ಗೆದ್ದಿತು; ಸ್ವಾನ್ಸಿ ಕೂಡ ಹಲ್ ಸಿಟಿಯ ಮೇಲೆ 4-2ರಿಂದ ಗೆದ್ದದ್ದರಿಂದ ಎಕ್ಸೆಟರ್‌ನ ಗೆಲುವು ನೀರಿನಲ್ಲಿ ಹೋಮವಾಯಿತು. ಎಕ್ಸೆಟರ್‌ನ ಆ ದಿನಗಳ ಆಡಳಿತದ ರೀತಿ ತಿಳಿಯಲು ಒಂದೇ ಸಂಗತಿ ಸಾಕು. ಚಮಚ ಬಗ್ಗಿಸುವ ಉರಿ ಗೆಲ್ಲರ್ ಕ್ಲಬ್ಬಿನ ಸಹ ಅಧ್ಯಕ್ಷರಾಗಿದ್ದರು, 2002ರ ಜೂನ್‌ನಲ್ಲಿ ಅವರ ಕರೆಗೆ ಓಗೊಟ್ಟು ಮೈಕೆಲ್ ಜಾಕ್ಸನ್ ಸ್ವತಃ ಆ ಪುಟ್ಟ ಮೈದಾನಕ್ಕೆ ಬಂದು ಕೈಬೀಸಿ ಹೋಗಿದ್ದ. ಹನ್ನೊಂದು ತಿಂಗಳಿಗೆ ಕ್ಲಬ್ ಲೀಗಿನ ಹೊರಗೆ, ಖಜಾನೆ ಬರಿದು, ಪೊಲೀಸ್ ತನಿಖೆ ಬೇರೆ.

ಬಿದ್ದಮೇಲೆ ಅದನ್ನು ಕೇಳುವವರಿರಲಿಲ್ಲ. ಅಭಿಮಾನಿಗಳ ಟ್ರಸ್ಟ್ ವಹಿಸಿಕೊಂಡಿತು. ಜನ ತಾವೇ ದುಡ್ಡು ಕೂಡಿಸಿದರು, ತಾವೇ ಬಣ್ಣ ಹೊಡೆದರು. 2005ರ ಜನವರಿಯಲ್ಲಿ ಅದೃಷ್ಟ ಖುಲಾಯಿಸಿತು: ಎಫ್‌ಎ ಕಪ್‌ನಲ್ಲಿ ಓಲ್ಡ್ ಟ್ರ್ಯಾಫರ್ಡ್‌ಗೆ ಹೋಗಿ ಮ್ಯಾಂಚೆಸ್ಟರ್ ಯುನೈಟೆಡ್ ಜೊತೆ 0-0 ಡ್ರಾ. ಆ ಪಂದ್ಯ, ತಮ್ಮೂರಿನಲ್ಲಿ ನಡೆದ ಮರುಪಂದ್ಯ, ಎರಡರ ಗೇಟು ಮತ್ತು ಟಿ.ವಿ. ಹಣ ಸೇರಿ ಸಾಲ ತೀರಿತು. 2008ರಲ್ಲಿ ಲೀಗ್ ಟೂ, 2009ರಲ್ಲಿ ಲೀಗ್ ಒನ್. ಇಂದಿಗೂ ಕ್ಲಬ್ಬಿನ ಒಡೆತನ ಟ್ರಸ್ಟಿನದೇ. ಆಲಿ ವಾಟ್ಕಿನ್ಸ್ ಬೆಳೆದದ್ದು ಇಲ್ಲೇ. ಹಿಂಬಡ್ತಿ ಒಳ್ಳೆಯದು ಮಾಡೀತೆಂದು ವಾದಿಸುವವರಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ಆದರೆ ಸ್ವಾನ್ಸಿಯನ್ನು ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಒಂದು ವರ್ಷ ಮೊದಲೇ, 2002ರಲ್ಲಿ, ಊರಿನವರ ಗುಂಪೊಂದು ಅಭಿಮಾನಿಗಳ ಟ್ರಸ್ಟಿನೊಡನೆ ಸೇರಿ ಹಿಂದಿನ ಮಾಲೀಕನಿಂದ ಕ್ಲಬ್ ಬಿಡಿಸಿಕೊಂಡಿತ್ತು. ಅದು ಬೀಳಲಿಲ್ಲ. ಎಂಟು ವರ್ಷದಲ್ಲಿ ಪ್ರೀಮಿಯರ್ ಲೀಗ್ ಮುಟ್ಟಿತು, 2013ರಲ್ಲಿ ಲೀಗ್ ಕಪ್ ಗೆದ್ದಿತು. ಎರಡು ಕ್ಲಬ್ಬಿಗೂ ಆದ ಔಷಧ ಒಂದೇ, ಒಡೆತನ ಬದಲಾದದ್ದು. ಎಕ್ಸೆಟರ್ ಆ ಔಷಧಕ್ಕೆ ಐದು ವರ್ಷದ ವನವಾಸದ ಬೆಲೆ ತೆತ್ತಿತು, ಸ್ವಾನ್ಸಿ ತೆರಲಿಲ್ಲ.

ಲೂಟನ್ ಕತೆಯೂ ಬಿಡಿಸಿ ನೋಡಿದರೆ ಇದೇ. ಅದು ಆಡಿ ಸೋತು ಬಿದ್ದದ್ದೇ ಅಲ್ಲ. ಹಿಂದಿನ ಆಡಳಿತದವರ ಹಣಕಾಸಿನ ಅವ್ಯವಹಾರ, ದಿವಾಳಿ ಇತ್ಯಾದಿಗೆ ಒಟ್ಟು 30 ಅಂಕ ಕಡಿತ. 2008-09ರ ಸೀಸನ್ ಶುರುವಾಗುವಾಗಲೇ ತಂಡ ಮೈನಸ್ 30ರಲ್ಲಿತ್ತು. ಆ ವರ್ಷದ ಏಪ್ರಿಲ್ 5ರಂದು ಲೀಗಿನ ಕೆಳದರ್ಜೆಗಳ ಕಪ್ ಫೈನಲ್‌ಗೆ ವೆಂಬ್ಲಿಗೆ ಸುಮಾರು 40,000 ಲೂಟನ್ ಅಭಿಮಾನಿಗಳು ಹೋದರು. ಸ್ಕನ್‌ಥಾರ್ಪ್ ಮೇಲೆ 3-2ರಿಂದ ಗೆದ್ದರು. ಕಪ್ ಬಂದ ಕೆಲವೇ ದಿನಕ್ಕೆ ಹಿಂಬಡ್ತಿ ಖಚಿತವಾಯಿತು. ಕ್ಲಬ್ಬನ್ನು ಅಭಿಮಾನಿಗಳೇ ಮುಂದಾಗಿದ್ದ ಕೂಟ ಕೊಂಡದ್ದು 2008ರಲ್ಲಿ, ಅಂದರೆ ಬೀಳುವುದಕ್ಕೂ ಮುಂಚೆ. ಕೆಳಗಿನ ಐದು ವರ್ಷಗಳಲ್ಲಿ ಮೂರು ಸಲ ಪ್ಲೇಆಫ್‌ನಲ್ಲಿ (ಕೊನೆಯ ಬಡ್ತಿ ಸ್ಥಾನಕ್ಕಾಗಿ ನಡೆಯುವ ಪಂದ್ಯಗಳಲ್ಲಿ) ಸೋತರು, 2014ರಲ್ಲಿ 101 ಅಂಕ ಗಳಿಸಿ ಎದ್ದರು. ಆ ಐದು ವರ್ಷ ನಮ್ಮನ್ನು ಗಟ್ಟಿ ಮಾಡಿದವು ಎಂದು ಲೂಟನ್‌ನವರು ಅಂದುಕೊಂಡರೆ ತಪ್ಪೇನಿಲ್ಲ, ಅವರು ಅನುಭವಿಸಿದವರು. 30 ಅಂಕ ಕಳೆಯದೆ ಅದೇ ಒಳ್ಳೆಯ ಒಡೆತನ ಸಿಕ್ಕಿದ್ದರೆ ಇನ್ನೂ ಬೇಗ ಮೇಲೇರುತ್ತಿದ್ದರು ಎಂದು ದೂರದಲ್ಲಿ ಕೂತ ನನಗೆ ಅನ್ನಿಸುತ್ತದೆ. 2024 ಮತ್ತು 2025ರಲ್ಲಿ ಸಾಲಾಗಿ ಎರಡು ಸಲ ಜಾರಿ ಲೂಟನ್ ಮತ್ತೆ ಮೂರನೇ ದರ್ಜೆಗೆ ಬಂತು. ಈ ಸಲದ ಬೀಳುವಿಕೆ ಅದನ್ನು ಇನ್ನಷ್ಟು ಗಟ್ಟಿ ಮಾಡುತ್ತದೆಂದು ಯಾರೂ ಹೇಳಿದಂತಿಲ್ಲ.

ಹಾಗಾದರೆ ಹಿಂಬಡ್ತಿಗೂ ಒಡೆತನಕ್ಕೂ ಸಂಬಂಧವೇ ಇಲ್ಲವೆ? ಇದೆ. ಬಿದ್ದ ಕ್ಲಬ್ಬಿನ ಬೆಲೆ ಕುಸಿಯುತ್ತದೆ, ಕೆಟ್ಟ ಮಾಲೀಕನಿಗೆ ಅದನ್ನು ಹಿಡಿದುಕೊಂಡು ಕೂರುವುದರಲ್ಲಿ ಗಿಟ್ಟುವುದೇನೂ ಇರುವುದಿಲ್ಲ. ಲಂಡನ್ನಿನ ಲೇಟನ್ ಓರಿಯಂಟ್ ಇದಕ್ಕೆ ತಕ್ಕ ನಿದರ್ಶನ. 2014ರಲ್ಲಿ ಲೀಗ್ ಒನ್ ಪ್ಲೇಆಫ್ ಫೈನಲ್‌ನಲ್ಲಿ ಪೆನಾಲ್ಟಿಯಲ್ಲಿ ಸೋತ ತಂಡ ಅದು. ಗೆದ್ದಿದ್ದರೆ ಎರಡನೇ ದರ್ಜೆ. ಆ ಬೇಸಿಗೆಯಲ್ಲಿ ಇಟಲಿಯ ಉದ್ಯಮಿ ಫ್ರಾನ್ಚೆಸ್ಕೊ ಬೆಕೆಟ್ಟಿ ಕೊಂಡರು. ಮೂರು ವರ್ಷದಲ್ಲಿ ಹತ್ತಕ್ಕೂ ಹೆಚ್ಚು ಮ್ಯಾನೇಜರ್‌ಗಳು, ಎರಡು ಹಿಂಬಡ್ತಿ, ಕೊನೆಗೆ ಸಿಬ್ಬಂದಿಗೆ ಸಂಬಳವೂ ಇಲ್ಲ. 2017ರ ಏಪ್ರಿಲ್ 29ರಂದು ಕಾಲ್ಚೆಸ್ಟರ್ ವಿರುದ್ಧದ ಮನೆಯ ಪಂದ್ಯ ಮುಗಿಯಲು ಕೆಲವೇ ನಿಮಿಷ ಇರುವಾಗ ಅಭಿಮಾನಿಗಳು ಮೈದಾನಕ್ಕೆ ಇಳಿದು ಕೂತುಬಿಟ್ಟರು. ಪಂದ್ಯ ರದ್ದಾಯಿತೆಂದು ಹೇಳಿ ಅವರನ್ನು ಮನೆಗೆ ಕಳಿಸಿ, ಆಮೇಲೆ ಖಾಲಿ ಗ್ಯಾಲರಿಗಳ ನಡುವೆ ಉಳಿದ ನಿಮಿಷಗಳನ್ನು ಆಡಿಸಲಾಯಿತು. 112 ವರ್ಷಗಳ ಲೀಗ್ ಸದಸ್ಯತ್ವ ಹೋಯಿತು. ಅದೇ ಜೂನ್‌ನಲ್ಲಿ ಜನ್ಮದಿಂದಲೂ ಓರಿಯಂಟ್ ಅಭಿಮಾನಿಯಾಗಿದ್ದ ನೈಜಲ್ ಟ್ರಾವಿಸ್ ನೇತೃತ್ವದ ಕೂಟ ಕ್ಲಬ್ ಕೊಂಡಿತು. ಜಸ್ಟಿನ್ ಎಡಿನ್‌ಬರಾ ಮ್ಯಾನೇಜರ್ ಆಗಿ 2019ರಲ್ಲಿ ನ್ಯಾಷನಲ್ ಲೀಗ್ ಗೆಲ್ಲಿಸಿಕೊಟ್ಟರು, ಗೆದ್ದ ಕೆಲವೇ ವಾರಗಳಲ್ಲಿ 49ರ ವಯಸ್ಸಿಗೆ ತೀರಿಕೊಂಡರು. 2023ರಲ್ಲಿ ತಂಡ ಲೀಗ್ ಟೂ ಕೂಡ ಗೆದ್ದಿತು.

ಇಲ್ಲಿ ಬಿದ್ದದ್ದರಿಂದ ಲಾಭವಾಯಿತೆಂದು ನಾನೂ ಒಪ್ಪುತ್ತೇನೆ. ಆದರೆ ಕಡತದಲ್ಲಿ ಅಡಗಿರುವ ಒಂದು ವಿವರ ಮುಖ್ಯ. ಓರಿಯಂಟ್ ಆಡುವ ಬ್ರಿಸ್ಬೇನ್ ರೋಡ್ ಮೈದಾನ ಬೆಕೆಟ್ಟಿ ಕೈಗೆ ಹೋಗಿರಲೇ ಇಲ್ಲ, ಹಿಂದಿನ ಮಾಲೀಕ ಬ್ಯಾರಿ ಹರ್ನ್ ಅದನ್ನು ತಮ್ಮಲ್ಲೇ ಇಟ್ಟುಕೊಂಡಿದ್ದರು. ಕ್ಲಬ್ ಮಾರುವಾಗ ಮಾಲೀಕನ ಬಳಿ ಒತ್ತೆ ಇಟ್ಟುಕೊಳ್ಳಲು ಜಾಗವಿರಲಿಲ್ಲ. ಡಾರ್ಲಿಂಗ್ಟನ್‌ನಲ್ಲಿ, ಸ್ಕಾರ್ಬರಾದಲ್ಲಿ ಕ್ಲಬ್ಬನ್ನು ಎಳೆದು ಮುಳುಗಿಸಿದ್ದೇ ಮೈದಾನ. ಯಾವುದಾದರೂ ಕ್ಲಬ್ ಬೀಳುವ ಹಾದಿಯಲ್ಲಿದೆ ಎಂದರೆ ನಾನು ಅಂಕಪಟ್ಟಿಗಿಂತ ಮೊದಲು ನೋಡುವುದು ಮೈದಾನ ಯಾರ ಹೆಸರಿನಲ್ಲಿದೆ ಎಂಬುದನ್ನು.

ಮಾಲೀಕ ಹೋಗಿಯೇ ಹೋಗುತ್ತಾನೆ ಎಂಬ ಭರವಸೆಯೂ ಇಲ್ಲ. 2025ರಲ್ಲಿ ಲೀಗ್ ಟೂನಿಂದ ಬಿದ್ದ ಮೋರ್ಕಮ್ ನೋಡಿ. ಮಾರಾಟದ ಮಾತುಕತೆ ಬಿದ್ದಮೇಲೂ ಎಳೆದಾಡುತ್ತಲೇ ಇತ್ತು. ಜುಲೈ ಕೊನೆಗೆ ನ್ಯಾಷನಲ್ ಲೀಗ್ ಅದರ ಸದಸ್ಯತ್ವವನ್ನೇ ಅಮಾನತು ಮಾಡಿತು, ಆಟಗಾರರು ಒಬ್ಬೊಬ್ಬರಾಗಿ ಬಿಟ್ಟುಹೋದರು. ಸೀಸನ್ ಶುರುವಾದ ಮೇಲೆ, ಆಗಸ್ಟಿನಲ್ಲಿ, ಪಂಜಾಬ್ ವಾರಿಯರ್ಸ್ ಎಂಬ ಬ್ರಿಟಿಷ್ ಸಿಖ್ಖರ ಹೂಡಿಕೆ ಕೂಟ ಅದನ್ನು ಕೊಂಡು, ಅಶ್ವೀರ್ ಸಿಂಗ್ ಜೋಹಲ್ ಎಂಬ 30ರ ತರುಣನನ್ನು ಮ್ಯಾನೇಜರ್ ಮಾಡಿತು. ಬ್ರಿಟನ್ನಿನಲ್ಲಿ ಈ ಮಟ್ಟದ ತಂಡ ನಡೆಸಿದ ಮೊದಲ ಸಿಖ್ ಆತ. ಮಾಲೀಕನ ಕೈ ಸಡಿಲಿಸಿದ್ದು ಅಲ್ಲಿ ಅಮಾನತಿನ ಪೆಟ್ಟೇ ಹೊರತು ಹಿಂಬಡ್ತಿಯಲ್ಲ.

ಇನ್ನು ಅಭಿಮಾನಿಯ ಉಳಿದ ವಾದಗಳು. ಸಂಬಳದ ಹೊರೆ ಇಳಿಯುತ್ತದೆ ಎಂಬುದು ಮೇಲಿನ ದರ್ಜೆಗಳಿಗೆ ಅನ್ವಯಿಸೀತು, ಅಲ್ಲಿ ನಾಲ್ಕೈದು ವರ್ಷದ ಒಪ್ಪಂದಗಳಿರುತ್ತವೆ. ನಾಲ್ಕನೇ ದರ್ಜೆಯಲ್ಲಿ ಬಹುತೇಕ ಒಪ್ಪಂದ ಒಂದೋ ಎರಡೋ ವರ್ಷದ್ದು. ಬೀಳಲಿ ಬಿಡಲಿ, ಪ್ರತಿ ಜೂನ್‌ನಲ್ಲೂ ಅರ್ಧ ತಂಡ ಖಾಲಿಯಾಗುತ್ತದೆ. ಕಸ ಗುಡಿಸುವುದಕ್ಕೆ ಬೀಳಬೇಕಾಗಿಲ್ಲ. ಬಿದ್ದರೆ ಕೆಲಸ ಹೋಗುವುದು ದುಬಾರಿ ಸ್ಟ್ರೈಕರ್‌ನದಲ್ಲ, ಅವನಿಗೆ ಬೇರೆ ಕ್ಲಬ್ ಸಿಗುತ್ತದೆ. ಟಿಕೆಟ್ ಕಚೇರಿಯವರು, ಮೈದಾನದ ಹುಲ್ಲು ನೋಡಿಕೊಳ್ಳುವವರು, ಕಿರಿಯರ ಅಕಾಡೆಮಿಯ ಕೋಚ್‌ಗಳು ಮನೆಗೆ ಹೋಗುತ್ತಾರೆ. ಹುಡುಗರಿಗೆ ಅವಕಾಶ ಸಿಗುತ್ತದೆ ಎನ್ನುವುದು ಹಾಗಾಗಿ ಅರ್ಧಸತ್ಯ: ಈ ವರ್ಷದ ಇಬ್ಬರು ಹುಡುಗರಿಗೆ ಸಿಗುತ್ತದೆ, ಮುಂದಿನ ಹತ್ತು ವರ್ಷದ ಹುಡುಗರನ್ನು ಬೆಳೆಸುವ ಹಣವೇ ಕಡಿಮೆಯಾಗುತ್ತದೆ.

ಗೆಲ್ಲುವ ರೂಢಿಯ ವಾದದಲ್ಲಿ ಹೆಚ್ಚು ಹುರುಳಿದೆ. ಬ್ರಿಸ್ಟಲ್ ರೋವರ್ಸ್ 2014ರ ಮೇ ತಿಂಗಳಲ್ಲಿ ಮನೆಯಲ್ಲೇ ಮ್ಯಾನ್ಸ್‌ಫೀಲ್ಡ್‌ಗೆ 0-1 ಸೋತು ಬಿತ್ತು, 94 ವರ್ಷಗಳಲ್ಲಿ ಮೊದಲ ಸಲ ಲೀಗಿನ ಹೊರಗೆ. ಮ್ಯಾನೇಜರ್ ಡ್ಯಾರೆಲ್ ಕ್ಲಾರ್ಕ್ ಬಂದು ಆಗಿನ್ನೂ ಕೆಲವೇ ವಾರ. ಅವರನ್ನೇ ಉಳಿಸಿಕೊಂಡರು. ಮರುವರ್ಷ ವೆಂಬ್ಲಿಯಲ್ಲಿ ಗ್ರಿಮ್ಸ್‌ಬಿ ಮೇಲೆ ಪೆನಾಲ್ಟಿಯಲ್ಲಿ ಗೆದ್ದು ಎದ್ದರು. ಅದರ ಮರುವರ್ಷ ಕೊನೆಯ ದಿನ ಸೇರಿಸಿದ ಸಮಯದಲ್ಲಿ ಲೀ ಬ್ರೌನ್ ಹೊಡೆದ ಗೋಲಿನಿಂದ, ಬರೀ ಗೋಲು ವ್ಯತ್ಯಾಸದಲ್ಲಿ, ಅಕ್ರಿಂಗ್ಟನ್ ತಂಡವನ್ನು ಹಿಂದಿಕ್ಕಿ ಲೀಗ್ ಒನ್‌ಗೆ ಹೋದರು. ಕಾರ್ಲೈಲ್ 2004ರಲ್ಲಿ ಬಿದ್ದು, 2005 ಮತ್ತು 2006ರಲ್ಲಿ ಇದೇ ರೀತಿ ಎರಡು ಮೆಟ್ಟಿಲು ಏರಿತ್ತು. ಅಲ್ಲೂ ಬಿದ್ದ ದಿನದ ಮ್ಯಾನೇಜರ್ ಪಾಲ್ ಸಿಂಪ್ಸನ್ನರನ್ನೇ ಉಳಿಸಿಕೊಂಡಿದ್ದರು. ಸೋತು ಸುಣ್ಣವಾದ ಗ್ಯಾಲರಿಗೆ ವಾರ ವಾರ ಗೆಲುವು ಸಿಕ್ಕರೆ ಜನ ಮರಳುತ್ತಾರೆ, ನಿಜ. ಷರತ್ತು ಒಂದೇ: ಮೊದಲ ಎರಡು ವರ್ಷದಲ್ಲೇ ಏಳಬೇಕು. ಆ ಮೇಲೆ ಲೀಗಿನಿಂದ ಬರುವ ಪರಿಹಾರದ ಹಣವೂ ನಿಲ್ಲುತ್ತದೆ, ಗೆಲ್ಲುವ ರೂಢಿ ಹೋಗಿ ಅಲ್ಲೇ ಇರುವ ರೂಢಿ ಬರುತ್ತದೆ.

ಬೇಗ ಏಳುವುದು ಎಷ್ಟು ಕಷ್ಟ ಎಂಬುದನ್ನು ರೆಕ್ಸಮ್ ಬಲ್ಲದು. 2011-12ರಲ್ಲಿ ಅದು 98 ಅಂಕ ಗಳಿಸಿತು, 103 ಗಳಿಸಿದ ಫ್ಲೀಟ್‌ವುಡ್ ಮೊದಲಿತ್ತು. ಪ್ಲೇಆಫ್‌ನಲ್ಲಿ ರೆಕ್ಸಮ್ ಸೋತಿತು. 98 ಅಂಕಕ್ಕೆ ಬಡ್ತಿ ಇಲ್ಲ! 2022-23ರಲ್ಲಿ ರೆಕ್ಸಮ್ 111, ನಾಟ್ಸ್ ಕೌಂಟಿ 107. ಅಷ್ಟು ಗಳಿಸಿದ ನಾಟ್ಸ್ ಕೌಂಟಿ ಕೂಡ ಪ್ಲೇಆಫ್ ದಾಟಿಯೇ ಬರಬೇಕಾಯಿತು. ನಪಾಸಾದ ಹುಡುಗ ಸೇರುವ ಈ ತರಗತಿಯಲ್ಲಿ 24 ಜನ ಪರೀಕ್ಷೆಗೆ ಕೂತರೆ ಪಾಸು ಮಾಡುವುದು ಇಬ್ಬರನ್ನೇ. ಜೊತೆಗೆ ಕೂತವರೂ 1988ರ ಅರೆಕಾಲಿಕರಲ್ಲ. ಮ್ಯಾಂಚೆಸ್ಟರ್ ಯುನೈಟೆಡ್‌ನ ಹಳೆಯ ತಾರೆಯರು ಕೊಂಡ ಸಾಲ್ಫರ್ಡ್ ಸಿಟಿಯಂಥವು ಈ ದಾರಿಯಲ್ಲಿ ಹಾದುಹೋಗಿವೆ. ರೆಕ್ಸಮ್‌ಗೆ ಹೊರಗೆ 15 ವರ್ಷ ಆಯಿತು, ಕೊನೆಗೆ ಎತ್ತಿದ್ದು ಇಬ್ಬರು ಸಿನಿಮಾ ನಟರ ಹಣ. ಆ 15 ವರ್ಷದ ಪೈಕಿ ಸುಮಾರು ಹತ್ತು ವರ್ಷ ಕ್ಲಬ್ಬನ್ನು ಬದುಕಿಸಿಟ್ಟ ಅಭಿಮಾನಿಗಳ ಟ್ರಸ್ಟ್ ಕ್ಲಬ್ಬಿನ ಕುರಿತ ಟಿ.ವಿ. ಸರಣಿಯಲ್ಲಿ ಅಷ್ಟು ಮಿಂಚುವುದಿಲ್ಲ.

ತೀರಾ ಸಣ್ಣ ಕ್ಲಬ್ಬುಗಳಿಗೆ ಮಾತ್ರ ಕೆಳಗಿನ ದರ್ಜೆ ಬೇರೆ ಕಾರಣಕ್ಕೆ ಹಿತ. ನ್ಯಾಷನಲ್ ಲೀಗಿನಲ್ಲಿ ಕೃತಕ ಹುಲ್ಲಿಗೆ ಅನುಮತಿ ಇದೆ, ಲೀಗ್ ಟೂನಲ್ಲಿ ಇಲ್ಲ. ಕೃತಕ ಹುಲ್ಲೆಂದರೆ ವಾರದ ಏಳು ದಿನವೂ ಊರ ಮಕ್ಕಳಿಗೆ, ಶಾಲೆಗಳಿಗೆ ಬಾಡಿಗೆಗೆ ಕೊಡಬಹುದಾದ ಮೈದಾನ. 2020ರಲ್ಲಿ ಬಡ್ತಿ ಪಡೆದ ಹ್ಯಾರೊಗೇಟ್, 2021ರಲ್ಲಿ ಪಡೆದ ಸಟನ್, ಎರಡೂ ಗೆದ್ದ ಬಹುಮಾನವಾಗಿ ತಮ್ಮ ಹುಲ್ಲನ್ನು ಕಿತ್ತು ಹಾಕಬೇಕಾಯಿತು. ಹೊಸ ಹುಲ್ಲು ಬರುವವರೆಗೆ ಹ್ಯಾರೊಗೇಟ್ ಮೊದಲ ಮನೆಯ ಪಂದ್ಯಗಳನ್ನು ಡಾಂಕ್ಯಾಸ್ಟರ್‌ನಲ್ಲಿ ಆಡಿತು.

ನಮ್ಮಲ್ಲಿ ಬಹುಕಾಲ ಈ ಪ್ರಶ್ನೆ ಅಷ್ಟಾಗಿ ಏಳಲಿಲ್ಲ, ಏಕೆಂದರೆ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) 2014ರಲ್ಲಿ ಶುರುವಾದದ್ದೇ ಯಾರೂ ಬೀಳದ ಟೂರ್ನಿಯಾಗಿ. ಐ-ಲೀಗ್ ಎರಡು ಸಲ ಗೆದ್ದ ಬೆಂಗಳೂರು ಎಫ್‌ಸಿ 2017ರಲ್ಲಿ ಅಲ್ಲಿಗೆ ಹೋದದ್ದು ಬಡ್ತಿಯಿಂದಲ್ಲ, ಬಿಡ್ ಗೆದ್ದು. ಹಿಂಬಡ್ತಿ ಇದ್ದ ಐ-ಲೀಗಿನಲ್ಲಿ ಒಂದು ಸೋಜಿಗ ನಡೆದಿದೆ: ಮಿಜೋರಾಮಿನ ಐಜ್ವಾಲ್ ಎಫ್‌ಸಿ 2016ರಲ್ಲಿ ಹಿಂಬಡ್ತಿಯ ಸ್ಥಾನದಲ್ಲಿ ಮುಗಿಸಿತು, ಗೋವಾದ ಕ್ಲಬ್ಬುಗಳು ಹಿಂದೆ ಸರಿದದ್ದರಿಂದ ಉಳಿಸಿಕೊಳ್ಳಲಾಯಿತು, ಖಾಲಿದ್ ಜಮೀಲ್ ಕೋಚ್ ಆಗಿ ಬಂದರು, 2017ರಲ್ಲಿ ಚಾಂಪಿಯನ್ ಆಯಿತು. ಬಿದ್ದು ಆಡಿದ್ದರೆ ಈ ಪವಾಡ ಆಗುತ್ತಿರಲಿಲ್ಲವೆಂಬುದನ್ನು ಹೇಳಬೇಕಿಲ್ಲ.

ಒಟ್ಟು ವ್ಯವಸ್ಥೆಯ ಮಟ್ಟದಲ್ಲಿ ನೋಡಿದರೆ ಮಾತ್ರ ಚಿತ್ರ ಬೇರೆ. ಸೈಮನ್ ಕೂಪರ್ ಮತ್ತು ಅರ್ಥಶಾಸ್ತ್ರಜ್ಞ ಸ್ಟೆಫಾನ್ ಷಿಮಾನ್‌ಸ್ಕಿ ತಮ್ಮ ‘ಸಾಕರ್‌ನಾಮಿಕ್ಸ್’ ಪುಸ್ತಕದಲ್ಲಿ ತೋರಿಸಿರುವಂತೆ, 1923ರಲ್ಲಿ ಇಂಗ್ಲಿಷ್ ಲೀಗಿನಲ್ಲಿದ್ದ ಕ್ಲಬ್ಬುಗಳಲ್ಲಿ ಬಹುಪಾಲು ಒಂದಲ್ಲ ಒಂದು ರೂಪದಲ್ಲಿ ಇಂದಿಗೂ ಇವೆ. ಸಾಮಾನ್ಯ ಉದ್ಯಮಗಳಲ್ಲಿ ಇಂಥ ಆಯಸ್ಸು ಕಾಣಸಿಗುವುದಿಲ್ಲ. ಕ್ಲಬ್ ಬಡವಾದರೆ ಮುಚ್ಚಬೇಕಿಲ್ಲ, ತನಗೆ ಭರಿಸಲಾಗುವ ದರ್ಜೆಗೆ ಇಳಿದು ಬದುಕಬಹುದು. ಇದು ಹಿಂಬಡ್ತಿಯ ದೊಡ್ಡ ಉಪಕಾರ. ಅದೇ ಷಿಮಾನ್‌ಸ್ಕಿ ಅವರ ಮುಂದಿನ ಅಧ್ಯಯನಗಳು ಇಂಗ್ಲಿಷ್ ಕ್ಲಬ್ಬುಗಳ ದಿವಾಳಿಗೂ ಮೈದಾನದ ಮೇಲಿನ ಇಳಿಜಾರಿಗೂ ನಂಟು ಇರುವುದನ್ನು ಹೇಳಿವೆ. ಎರಡರ ನಡುವೆ ವಿರೋಧವೇನಿಲ್ಲ. ಏಣಿ ಇರುವುದರಿಂದ ಬಹುತೇಕರು ಉಳಿಯುತ್ತಾರೆ, ಇಳಿಯುವಾಗ ಕೆಲವರ ಕಾಲು ಮುರಿಯುತ್ತದೆ.

2025ರ ವಸಂತದಲ್ಲಿ ಕಾರ್ಲೈಲ್ ಮತ್ತೆ ಬಿತ್ತು, ಎರಡು ವರ್ಷದಲ್ಲಿ ಎರಡು ದರ್ಜೆ. ಈ ಸಲ ಅಲ್ಲಿನ ಮಾಲೀಕರು 2023ರಲ್ಲಿ ಬಂದ ಅಮೆರಿಕದ ಪಯಟಾಕ್ ಕುಟುಂಬ. ಹಣಕ್ಕೆ ಕೊರತೆ ಮಾಡಿದವರಲ್ಲ. ಓಡಿಸಬೇಕಾದ ಖಳನಾಯಕನೇ ಇಲ್ಲದಿರುವಾಗ ಹಿಂಬಡ್ತಿಯಿಂದ ಸಿಗಬಹುದಾದ ಒಂದೇ ದೊಡ್ಡ ಲಾಭವೂ ಸಿಗದು. ಉಳಿಯುವುದು ಆ ಇಕ್ಕಟ್ಟಾದ ಬಾಗಿಲು. ಅದನ್ನು ಅಗಲ ಮಾಡಿ, ಇಬ್ಬರ ಬದಲು ಮೂವರಿಗೆ ಬಡ್ತಿ ಕೊಡಿ ಎಂದು ನ್ಯಾಷನಲ್ ಲೀಗಿನ ಕ್ಲಬ್ಬುಗಳು 2025ರಲ್ಲಿ ಒಟ್ಟಾಗಿ ಅಭಿಯಾನ ಹೂಡಿದವು. ಮೂರು ಸ್ಥಾನವಾದರೆ ಬೀಳುವವರ ಭಯವೂ ಹೆಚ್ಚುತ್ತದೆ, ಮರಳುವ ಆಸೆಯೂ ಹೆಚ್ಚುತ್ತದೆ. ಬಿದ್ದು ಎದ್ದರೆ ವಾಸಿ ಎಂಬ ಮಾತಿಗೆ ಆಗಲಾದರೂ ಸ್ವಲ್ಪ ಅರ್ಥ ಬಂದೀತು. ಇಂಥ ನಿಯಮ ಬದಲಾಗಬೇಕಾದರೆ ಚಾಂಪಿಯನ್‌ಷಿಪ್‌ನಿಂದ ಲೀಗ್ ಟೂವರೆಗಿನ 72 ಕ್ಲಬ್ಬುಗಳು ಒಪ್ಪಬೇಕು. ಅವುಗಳಲ್ಲಿ 24 ಲೀಗ್ ಟೂನಲ್ಲೇ ಇವೆ.